ದೂರು ಕೊಟ್ಟರೆ ಹೆಸರು ಗುಟ್ಟಾಗಿ ಉಳಿಯುತ್ತದೆಯೇ?

ಪ್ರಶ್ನೆ (ಹೆಸರು ಬೇಡ ಎಂದು ಅಡ್ಮಿನ್ ಮೂಲಕ ಕಳುಹಿಸಿದ್ದು): ಮೇಡಂ, ಶಿರಾದಿಂದ ದಿನವೂ ಬಸ್ಸಿನಲ್ಲಿ ತುಮಕೂರಿಗೆ ಬಂದು ಎಂ.ಎ. ಓದುತ್ತಿದ್ದೇನೆ. ಅಧ್ಯಾಪಕರೊಬ್ಬರು ಪ್ರಾಜೆಕ್ಟ್ ನೆಪದಲ್ಲಿ ಸಂಜೆ ಒಬ್ಬಳನ್ನೇ ಕೊಠಡಿಗೆ ಕರೆಸಿ ಭುಜದ ಮೇಲೆ ಕೈ ಹಾಕುತ್ತಾರೆ. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್ ಸಂದೇಶ. ಇಂಟರ್ನಲ್ ಅಂಕ ಅವರ ಕೈಯಲ್ಲಿದೆ. ಮನೆಯಲ್ಲಿ ಗೊತ್ತಾದರೆ ಓದು ಬಿಡಿಸುತ್ತಾರೆ. ಮೂಗರ್ಜಿ ಹಾಕಿದರೆ ಸಾಲದೇ?

ಉತ್ತರ (ವಕೀಲೆ, ತುಮಕೂರು): ತಂಗಿ, ಆ ಸಂದೇಶಗಳನ್ನು ಅಳಿಸಬೇಡಿ. ಅಸಹ್ಯವೆಂದು ಅಳಿಸಿ, ಆಮೇಲೆ ಬರಿಗೈಯಲ್ಲಿ ನಮ್ಮ ಬಳಿ ಬರುವವರೇ ಹೆಚ್ಚು. ಯಾವ ದಿನ, ಎಷ್ಟು ಗಂಟೆ, ಹೊರಗೆ ಯಾರಿದ್ದರು, ಎಲ್ಲವನ್ನೂ ಬರೆದಿಡಿ.

ಮೂಗರ್ಜಿಯಿಂದ ವಿಚಾರಣೆ ಮುಂದೆ ಸಾಗುವುದಿಲ್ಲ. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ನಿಮ್ಮ ಸಂಸ್ಥೆಯ ಆಂತರಿಕ ದೂರು ಸಮಿತಿ ಯಾರನ್ನು ಕರೆದು ಕೇಳಬೇಕು?

ದೂರು ಕೊಡುವ ಮೊದಲು ಗುಟ್ಟಾಗಿ ಮಾತನಾಡಬೇಕೆಂದರೆ ವಕೀಲರಿದ್ದಾರೆ. ನಿಮ್ಮ ಒಪ್ಪಿಗೆಯಿಲ್ಲದೆ ನಾವು ಬಾಯಿ ಬಿಡುವಂತಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಕರೆ ಮಾಡಿ. ವಿಭಾಗದ ಮುಖ್ಯಸ್ಥರಿಗೋ ವಾರ್ಡನ್‌ಗೋ ‘ಯಾರಿಗೂ ಹೇಳಬೇಡಿ’ ಎಂದು ಹೇಳಿದ್ದನ್ನು ಮಾತ್ರ ಗುಟ್ಟೆಂದು ನಂಬಬೇಡಿ. ಸ್ಟಾಫ್ ರೂಮಿನ ಚಹಾದ ಹೊತ್ತಿಗೆ ಅದು ಅಲ್ಲಿರುತ್ತದೆ.

ಆಂತರಿಕ ದೂರು ಸಮಿತಿಗೆ ಬರೆದುಕೊಟ್ಟರೆ ಲೆಕ್ಕ ಬೇರೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಕಲಂ ಪ್ರಕಾರ ನಿಮ್ಮ ಹೆಸರು, ವಿಳಾಸವನ್ನು ಪತ್ರಿಕೆಗಾಗಲಿ ಸಾರ್ವಜನಿಕರಿಗಾಗಲಿ ಕೊಡುವಂತಿಲ್ಲ. ಆದರೆ ದೂರಿನ ಪ್ರತಿ ಆ ಅಧ್ಯಾಪಕರಿಗೆ ಹೋಗಲೇಬೇಕು. ಅವರಿಂದ ಹೆಸರು ಮುಚ್ಚಿಡಲಾಗದು. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಕೊಡಿ. ತಡವಾದರೆ, ಕಾರಣ ಒಪ್ಪಿಗೆಯಾದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. 90 ದಿನಗಳಲ್ಲಿ ವಿಚಾರಣೆ ಮುಗಿಯಬೇಕು.

ಅಂಕದ ಭಯಕ್ಕೂ ದಾರಿಯಿದೆ. ವಿಚಾರಣೆ ನಡೆಯುವಾಗ ಅವರು ನಿಮ್ಮ ಮೌಲ್ಯಮಾಪನ ಮಾಡದಂತೆ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಾವಳಿಯಲ್ಲಿ ಅವಕಾಶವಿದೆ. ದೂರಿನಲ್ಲೇ ಇದನ್ನು ಕೇಳಿ. ಕೇಳದಿದ್ದರೆ ಅನೇಕ ಸಮಿತಿಗಳಿಗೆ ನೆನಪೇ ಆಗುವುದಿಲ್ಲ.

ಪೊಲೀಸರಿಗೂ ದೂರು ಕೊಡಬಹುದು, ಲೈಂಗಿಕ ಕಿರುಕುಳಕ್ಕೆ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಇದೆ. ಒಂದು ಕೊಟ್ಟರೆ ಇನ್ನೊಂದು ಮುಚ್ಚುವುದಿಲ್ಲ.

ಇನ್ನೊಬ್ಬ ಸದಸ್ಯರು: ನನ್ನ ತಂಗಿಗೆ 17, ಪಿಯುಸಿ. ಅವಳಿಗೂ ಹೀಗೆಯೇ?

ವಕೀಲೆ: ಇಲ್ಲ ಅಣ್ಣ. 18 ತುಂಬದವರಿಗೆ ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ. ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಅಲ್ಲಿ ‘ನಮ್ಮಲ್ಲೇ ಇರಲಿ’ ಎನ್ನುವಂತಿಲ್ಲ.

ಪ್ರಶ್ನೆ ಕೇಳಿದವರು: ಅಳಿಸಿಲ್ಲ ಮೇಡಂ. ಸೋಮವಾರ ತರಗತಿಗೆ ಮುಂಚೆ ಕೋರ್ಟಿನ ಬಳಿ ಬರಲೇ?

ವಕೀಲೆ: ಬನ್ನಿ. ಫೋನಿಗೆ ಚಾರ್ಜ್ ಇರಲಿ, ಸಂದೇಶಗಳನ್ನು ಅದರಲ್ಲೇ ನೋಡಬೇಕು.