ಎಚ್‌ಐವಿ ಚಿಕಿತ್ಸೆಯಲ್ಲಿರುವ ಅಕ್ಕನಿಗೆ ಹಿಮೋಗ್ಲೋಬಿನ್ 7.8: ಕಾರಣ ಹುಳುವೋ, ಔಷಧವೋ, ಊಟವೋ?

ಪ್ರಶ್ನೆ

ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರಲ್ಲಿರುವ ನನ್ನ ಅಕ್ಕನಿಗೆ 42 ವರ್ಷ. ಹಲವು ವರ್ಷಗಳಿಂದ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ) ಮಾತ್ರೆಗಳನ್ನು ತಪ್ಪದೆ ಸೇವಿಸುತ್ತಿದ್ದಾಳೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಹತೋಟಿಯಲ್ಲಿದೆ. ಮೊದಲು ಜಿಡೋವುಡಿನ್ ಇದ್ದ ಮಾತ್ರೆ ಕೊಡುತ್ತಿದ್ದರು, ಈಗ ಟೆನೊಫೊವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆ ಕೊಡುತ್ತಾರೆ. ಕಬ್ಬಿನ ಹೊಲದಲ್ಲಿ ಬರಿಗಾಲಿನಲ್ಲೇ ಕೆಲಸ ಮಾಡುತ್ತಾಳೆ. ಈಚೆಗೆ ಸುಸ್ತು ಹೆಚ್ಚಾಗಿ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 7.8 ಬಂದಿತು. ಕಬ್ಬಿಣಾಂಶದ ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆಂದು ಅದನ್ನು ಬಿಟ್ಟುಬಿಟ್ಟಿದ್ದಾಳೆ. ಬೀಟ್‌ರೂಟ್ ರಸ ಕುಡಿಯಲಿ ಎನ್ನುವವರಿದ್ದಾರೆ, ತಿಂಗಳಿಗೊಮ್ಮೆ ಜಂತುಹುಳುವಿನ ಮಾತ್ರೆ ನುಂಗಲಿ ಎನ್ನುವವರೂ ಇದ್ದಾರೆ. ಮನೆಯಲ್ಲಿ ನನ್ನ ಹೊರತು ಯಾರಿಗೂ ಅವಳ ಕಾಯಿಲೆಯ ವಿಷಯ ತಿಳಿಯದ ಕಾರಣ, ಅವಳೊಬ್ಬಳಿಗೇ ಬೇರೆ ಅಡುಗೆ ಮಾಡುವಂತೆಯೂ ಇಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬಹುಕಾಲ ಕೆಲಸ ಮಾಡಿದವರು

ಗರ್ಭಿಣಿಯಲ್ಲದ ವಯಸ್ಕ ಮಹಿಳೆಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಹೀಗಾಗಿ ಅಡುಗೆಮನೆಯ ಉಪಾಯಗಳನ್ನು ನೋಡುತ್ತ ಕೂರುವ ಹಂತವನ್ನು ಅವರು ದಾಟಿದ್ದಾರೆ. ರಕ್ತದ ವರದಿಯಲ್ಲಿ ಹಿಮೋಗ್ಲೋಬಿನ್ನಿನ ಕೆಳಗೆ ಎಂಸಿವಿ ಎಂಬ ಇನ್ನೊಂದು ಅಂಕಿಯಿರುತ್ತದೆ. ಅದು ಕೆಂಪು ರಕ್ತಕಣದ ಸರಾಸರಿ ಗಾತ್ರವನ್ನು ಹೇಳುತ್ತದೆ. ಅದು 80ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣಾಂಶದ ಕೊರತೆಯ ಕಡೆಗೆ, 100ಕ್ಕಿಂತ ಹೆಚ್ಚಿದ್ದರೆ ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆಯ ಕಡೆಗೆ, ಇಲ್ಲವೇ ಜಿಡೋವುಡಿನ್ ಕಡೆಗೆ ಅನುಮಾನ ಹೋಗಬೇಕು. ಜಿಡೋವುಡಿನ್ ಸೇವಿಸುವವರಲ್ಲಿ ಕಣಗಳು ದೊಡ್ಡದಾಗುವುದು ಎಷ್ಟು ಸಾಮಾನ್ಯವೆಂದರೆ, ರೋಗಿ ಮಾತ್ರೆಯನ್ನು ನಿಜವಾಗಿ ನುಂಗುತ್ತಿದ್ದಾರೆಯೇ ಎಂಬುದಕ್ಕೆ ಅದನ್ನೇ ಗುರುತಾಗಿ ನೋಡುವ ವೈದ್ಯರೂ ಇದ್ದರು. ಎರಡು ಬಗೆಯ ಕೊರತೆಗಳು ಒಟ್ಟಿಗೇ ಇದ್ದಾಗ ಸರಾಸರಿಯು ಸರಿಯಾಗಿಯೇ ಕಾಣಬಹುದು. ದೇಹದಲ್ಲಿನ ಕಬ್ಬಿಣಾಂಶದ ಸಂಗ್ರಹವನ್ನು ತಿಳಿಸುವ ಫೆರಿಟಿನ್ ಪರೀಕ್ಷೆಯಲ್ಲೂ ಇಂಥದೇ ತೊಡಕಿದೆ: ದೇಹದಲ್ಲಿ ಸೋಂಕು ಅಥವಾ ಉರಿಯೂತವಿದ್ದರೆ ಅದು ತಾನಾಗಿಯೇ ಏರುವುದರಿಂದ, ಫೆರಿಟಿನ್ ಸಾಮಾನ್ಯವಾಗಿದೆ ಎಂದ ಮಾತ್ರಕ್ಕೆ ಕಬ್ಬಿಣಾಂಶ ಸಾಕಷ್ಟಿದೆ ಎನ್ನಲಾಗದು.

ಇನ್ನು ಹುಳುವಿನ ವಿಷಯ. ಬರಿಗಾಲಿನಲ್ಲಿ ಹೊಲಗೆಲಸ ಮಾಡುವವರಲ್ಲಿ ಮೊದಲು ಅನುಮಾನಿಸಬೇಕಾದದ್ದು ಕೊಕ್ಕೆಹುಳು. ಅದರ ಮರಿಗಳು ಮಣ್ಣಿನಿಂದ ಪಾದದ ಚರ್ಮವನ್ನು ಕೊರೆದುಕೊಂಡು ಒಳಸೇರುತ್ತವೆ. ನೆಕೇಟರ್ ಜಾತಿಯ ಒಂದು ಕೊಕ್ಕೆಹುಳುವಿನಿಂದ ದಿನಕ್ಕೆ ನಷ್ಟವಾಗುವ ರಕ್ತ ಸುಮಾರು 0.03 ಮಿಲಿಲೀಟರ್ ಮಾತ್ರ. ಆದರೆ ಅಂತಹ ನೂರು ಹುಳುಗಳಿದ್ದರೆ ದಿನಕ್ಕೆ 3 ಮಿಲಿಲೀಟರ್ ರಕ್ತ, ಅಂದರೆ ಆರೋಗ್ಯವಂತರ ಲೆಕ್ಕದಲ್ಲಿ ಸುಮಾರು ಒಂದೂವರೆ ಮಿಲಿಗ್ರಾಂ ಕಬ್ಬಿಣಾಂಶ ಹೋದಂತಾಯಿತು. ಒಬ್ಬ ಮಹಿಳೆಯ ಕರುಳು ಇಡೀ ದಿನದ ಊಟದಿಂದ ಹೀರಿಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ. ಆಂಕೈಲೊಸ್ಟೋಮ ಜಾತಿಯದು ಇದರ ಹಲವು ಪಟ್ಟು ರಕ್ತ ಹೀರುತ್ತದೆ. ಮಲಪರೀಕ್ಷೆಗೆ ಹೊಸ ಮಾದರಿಯನ್ನೇ ಕೊಡಿ, ಬೆಳಗ್ಗೆ ಹಿಡಿದಿಟ್ಟು ಸಂಜೆ ತರಬೇಡಿ. ಒಂದು ಸಲ ಮೊಟ್ಟೆ ಕಾಣಲಿಲ್ಲವೆಂದು ಹುಳುವೇ ಇಲ್ಲ ಎಂದು ತೀರ್ಮಾನಿಸಲೂಬೇಡಿ.

ಸ್ವತಃ ಎಆರ್‌ಟಿ ಚಿಕಿತ್ಸೆಯಲ್ಲಿರುವವರು, ಬೆಳಗಾವಿ ಕಡೆಯವರು

ನನಗೆ ಜಿಡೋವುಡಿನ್ ಆರಂಭಿಸಿದ ಕೆಲವೇ ತಿಂಗಳಲ್ಲಿ ಮೆಟ್ಟಿಲು ಹತ್ತಲಾಗದಷ್ಟು ಏದುಸಿರು ಬರತೊಡಗಿತ್ತು. ಟಾನಿಕ್ಕಿನಿಂದ ಏನೂ ಪ್ರಯೋಜನವಾಗಲಿಲ್ಲ. ಆ ಔಷಧವನ್ನು ಬಿಡಿಸಿ ಟೆನೊಫೊವಿರ್ ಕೊಟ್ಟ ಮೇಲೆ ರಕ್ತ ತಾನಾಗಿಯೇ ಏರಿತು. ಆದರೆ ನಿಮ್ಮ ಅಕ್ಕನವರು ಅದನ್ನು ಬಿಟ್ಟು ಬಹಳ ಕಾಲವಾಗಿದ್ದರೆ ಈಗಿನ ಕೊರತೆಗೆ ಅದನ್ನು ದೂರುವುದು ಕಷ್ಟ. ಬೇರೆ ಸೋಂಕುಗಳು ತಗಲದಂತೆ ಕೊಡುವ ಕೋಟ್ರೈಮಾಕ್ಸಜೋಲ್ ಮಾತ್ರೆ ಇನ್ನೂ ನಡೆಯುತ್ತಿದೆಯೇ ಎಂದು ಕೇಳಿ, ಅದರಿಂದಲೂ ಕೆಲವರಿಗೆ ರಕ್ತ ಕಡಿಮೆಯಾಗುವುದುಂಟು. ಎಆರ್‌ಟಿ ಕೇಂದ್ರದವರನ್ನು ಕೇಳದೆ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.

ಇನ್ನೊಬ್ಬ ಓದುಗರು

ಇಷ್ಟೆಲ್ಲ ಪರೀಕ್ಷೆಯ ಅಗತ್ಯವಿಲ್ಲವೆಂದು ನನ್ನ ಅನಿಸಿಕೆ. ಶಾಲಾ ಮಕ್ಕಳಿಗೆ ಕೊಡುವ ಹಾಗೆ ಆರು ತಿಂಗಳಿಗೊಮ್ಮೆ ಜಂತುಹುಳುವಿನ ಮಾತ್ರೆ ಅಲ್ಬೆಂಡಜೋಲ್ ನುಂಗಿದರೆ ಸಾಕು. ನಮ್ಮ ಮನೆಯಲ್ಲಿ ಹಾಗೆಯೇ ಮಾಡುತ್ತೇವೆ.

ಎಆರ್‌ಟಿ ಚಿಕಿತ್ಸೆಯ ಅನುಭವವಿರುವ ವೈದ್ಯರು

ಮೇಲಿನವರ ಮಾತನ್ನು ಅರ್ಧ ಒಪ್ಪುತ್ತೇನೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರಲ್ಲಿ ಆರಂಭವಾದದ್ದು 1ರಿಂದ 19 ವರ್ಷದವರಿಗಾಗಿ. ಹೊಲದಲ್ಲಿ ದುಡಿಯುವ ದೊಡ್ಡವರು ಅದರ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಅವರಿಗೆ 400 ಮಿಲಿಗ್ರಾಂ ಅಲ್ಬೆಂಡಜೋಲ್ ಕೊಡುವುದರಲ್ಲಿ ಅರ್ಥವಿದೆ. ಅದು ಅಗ್ಗದ, ಸುರಕ್ಷಿತವಾದ ಔಷಧ. ಬಸುರಿಯ ಮೊದಲ ಮೂರು ತಿಂಗಳಲ್ಲಿ ಮಾತ್ರ ಬೇಡ. ಆದರೆ ತಿಂಗಳಿಗೊಮ್ಮೆ ನುಂಗುವ ಅಗತ್ಯವಿಲ್ಲ, ಅದರಿಂದ ಎಚ್‌ಐವಿಯೂ ಹತೋಟಿಗೆ ಬರುತ್ತದೆ ಎಂದು ನಂಬುವುದಕ್ಕೆ ಆಧಾರವೂ ಇಲ್ಲ. ಎಆರ್‌ಟಿ ಇನ್ನೂ ಆರಂಭಿಸದಿದ್ದ ವಯಸ್ಕರಿಗೆ ಪರೀಕ್ಷೆಯಿಲ್ಲದೆಯೇ ನಿಯಮಿತವಾಗಿ ಹುಳುವಿನ ಮಾತ್ರೆ ಕೊಟ್ಟು ನೋಡಿದ ಕೀನ್ಯಾದ ದೊಡ್ಡ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. ಮಾತ್ರೆ ಪಡೆದವರಲ್ಲಿ ರೋಗ ಮುಂದುವರಿಯುವುದೇನೂ ನಿಧಾನವಾಗಿರಲಿಲ್ಲ. ಬಹುಕಾಲದ ಭೇದಿಯಿದ್ದು ತೂಕ ಇಳಿಯುತ್ತಿದ್ದರೆ ಕ್ರಿಪ್ಟೊಸ್ಪೊರಿಡಿಯಂ, ಐಸೊಸ್ಪೊರಾದಂತಹ ಸೂಕ್ಷ್ಮ ಪರೋಪಜೀವಿಗಳನ್ನು ಹುಡುಕಬೇಕು. ಅವು ಹುಳುಗಳಲ್ಲ, ಮಲವನ್ನು ವಿಶೇಷ ಬಣ್ಣ ಹಾಕಿ ನೋಡಿದರೆ ಮಾತ್ರ ಕಾಣುತ್ತವೆ.

ನಾನು ಮೊದಲು ಕೇಳುವ ಪ್ರಶ್ನೆ ಬೇರೆಯೇ ಇದೆ. 42ರ ವಯಸ್ಸಿನಲ್ಲಿ ಮುಟ್ಟಿನ ರಕ್ತಸ್ರಾವ ಹೆಚ್ಚಾಗಿದೆಯೇ? ಎಚ್‌ಐವಿ ಇದೆ ಎಂದು ಗೊತ್ತಾದ ಕೂಡಲೇ ಸುಸ್ತು, ಜ್ವರ, ರಕ್ತಹೀನತೆ ಎಲ್ಲವನ್ನೂ ಅದರ ತಲೆಗೇ ಕಟ್ಟುವ ರೂಢಿ ವೈದ್ಯರಲ್ಲೂ ಇದೆ. ವೈರಲ್ ಲೋಡ್ ಹತೋಟಿಯಲ್ಲಿರುವ ಮಹಿಳೆಯಲ್ಲಿ ಗರ್ಭಕೋಶದ ಗೆಡ್ಡೆಯೋ ಮೂಲವ್ಯಾಧಿಯೋ ಸದ್ದಿಲ್ಲದೆ ರಕ್ತ ಕಳೆಯುತ್ತಿರಬಹುದು. ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇವುಗಳಲ್ಲಿ ಒಂದಿದ್ದರೂ ಕ್ಷಯದ ಪರೀಕ್ಷೆಯಾಗಬೇಕು, ಏಕೆಂದರೆ ಕ್ಷಯದಿಂದ ಬಂದ ರಕ್ತಹೀನತೆ ಕಬ್ಬಿಣಾಂಶದ ಮಾತ್ರೆಗೆ ಬಗ್ಗುವುದಿಲ್ಲ. ಕುಳಿತಲ್ಲೇ ಏದುಸಿರು, ಎದೆನೋವು, ತಲೆಸುತ್ತಿ ಬೀಳುವುದು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡಿದವರು

ಬೇರೆ ಅಡುಗೆಯ ಚಿಂತೆ ನನಗೆ ಚೆನ್ನಾಗಿ ಗೊತ್ತು. ತಟ್ಟೆಯಲ್ಲಿ ಒಂದು ಮೊಟ್ಟೆ ಹೆಚ್ಚಾದರೂ ಅತ್ತೆಯವರ ಪ್ರಶ್ನೆ ಶುರುವಾಗುತ್ತದೆ. ಆದ್ದರಿಂದ ಇಡೀ ಮನೆಯ ಊಟವನ್ನೇ ಸ್ವಲ್ಪ ತಿರುಗಿಸುವುದು ಮೇಲು. ವಾರದಲ್ಲಿ ಕೆಲವು ದಿನ ಜೋಳದ ಬದಲು ಸಜ್ಜೆಯ ರೊಟ್ಟಿ ಮಾಡಲಿ, ಸಜ್ಜೆಯಲ್ಲಿ ಕಬ್ಬಿಣಾಂಶ ಹೆಚ್ಚು. ಹೆಸರು, ಮಡಕೆ, ಹುರುಳಿ ಕಾಳುಗಳನ್ನು ಮೊಳಕೆ ಬರಿಸಿ ಪಲ್ಯ ಮಾಡಿದರೆ ಕಬ್ಬಿಣಾಂಶವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು, ಕುದಿಸಿದರೆ ಅದರಲ್ಲಿನ ಸಿ ಜೀವಸತ್ವ ಹಾಳಾಗುತ್ತದೆ. ಬಾಣಂತಿಯರಿಗೆ ಕೊಡುವ ಅಳವಿಯಲ್ಲಿ ಕಬ್ಬಿಣಾಂಶ ಬಹಳವಿದೆ. ಅದರ ಉಂಡೆಯನ್ನು ಎಲ್ಲರಿಗೂ ಕಟ್ಟಿದರೆ ಯಾರೂ ಏಕೆಂದು ಕೇಳುವುದಿಲ್ಲ. ಮಾಂಸ ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಕಲೀಜಿಗೆ ಸಮನಾದದ್ದು ಇಲ್ಲ. ಬೀಟ್‌ರೂಟಿನ ಕೆಂಪು ಬರೀ ಬಣ್ಣ. ಬೆಲ್ಲವನ್ನೂ ಔಷಧವೆಂದು ನಂಬಬೇಡಿ.

ಊಟದ ಜೊತೆಗೇ ಚಹಾ ಕುಡಿಯುವುದನ್ನು ನಿಲ್ಲಿಸಿ ಒಂದೆರಡು ಗಂಟೆ ಬಿಟ್ಟು ಕುಡಿಯಲಿ. ನಮ್ಮ ಕಡೆ ಇದೇ ಎಲ್ಲಕ್ಕಿಂತ ಕಠಿಣ ಪಥ್ಯ. ಒಟ್ಟು ಊಟದ ಪ್ರಮಾಣವೂ ಮುಖ್ಯ: ಎಚ್‌ಐವಿ ಇದ್ದು ರೋಗಲಕ್ಷಣಗಳಿಲ್ಲದ ವಯಸ್ಕರಿಗೂ ಶೇಕಡಾ 10ರಷ್ಟು ಹೆಚ್ಚು ಶಕ್ತಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುಳುವಿನ ಮಾತ್ರೆಯನ್ನೂ ವೈದ್ಯರನ್ನು ಕೇಳಿ ಮನೆಮಂದಿಗೆಲ್ಲ ಒಂದೇ ದಿನ ಕೊಡಿಸಿ. ಹೊಲಕ್ಕೆ ಚಪ್ಪಲಿಗಿಂತ ಪಾದ ಮುಚ್ಚುವ ಬೂಟು ಒಳ್ಳೆಯದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ವರದಿಯನ್ನು ಮತ್ತೆ ನೋಡಿದೆ, ಎಂಸಿವಿ 68 ಇದೆ. ಕೇಳಿದ ಮೇಲೆ, ಒಂದು ವರ್ಷದಿಂದ ಮುಟ್ಟು ಎಂಟು ಹತ್ತು ದಿನ ನಿಲ್ಲುವುದಿಲ್ಲವೆಂದು ಅಕ್ಕ ಹೇಳಿದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಬ್ಬಿಣಾಂಶದ ಮಾತ್ರೆಯನ್ನು ಮತ್ತೆ ಆರಂಭಿಸುವುದಾದರೆ ಎಆರ್‌ಟಿ ಮಾತ್ರೆಯ ಜೊತೆಗೇ ನುಂಗಬಹುದೇ?

ವೈದ್ಯರು

ಸ್ತ್ರೀರೋಗ ತಜ್ಞರಿಗೆ ಈ ವಾರವೇ ತೋರಿಸಿ, ಮಲಪರೀಕ್ಷೆಯನ್ನೂ ಬಿಡಬೇಡಿ, ಎರಡೂ ಕಾರಣಗಳು ಒಟ್ಟಿಗೇ ಇರಬಹುದು. ಡೊಲುಟೆಗ್ರಾವಿರ್ ಅನ್ನು ಕಬ್ಬಿಣಾಂಶ ಅಥವಾ ಸುಣ್ಣದ ಅಂಶದ (ಕ್ಯಾಲ್ಸಿಯಂ) ಮಾತ್ರೆಯೊಂದಿಗೆ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅದು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಊಟದೊಂದಿಗಾದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಇಲ್ಲವಾದರೆ ಎಆರ್‌ಟಿ ಮಾತ್ರೆಯನ್ನು ಕಬ್ಬಿಣಾಂಶದ ಮಾತ್ರೆಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ನುಂಗಬೇಕು. ಹೊಟ್ಟೆ ತೊಳಸಿದರೆ ದಿನ ಬಿಟ್ಟು ದಿನ ಕೊಡಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಹಾಗೆ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೀರಿಕೆ ಹೆಚ್ಚುವುದು ಕಂಡುಬಂದಿದೆ. ಮಲ ಕಪ್ಪಾಗುವುದು ಸಹಜ, ಅದನ್ನು ಅಕ್ಕನಿಗೆ ಮೊದಲೇ ಹೇಳಿಡಿ. ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಕನಿಷ್ಠ ಒಂದು ಗ್ರಾಂ ಏರದಿದ್ದರೆ ಮತ್ತೆ ಬಂದು ಹೇಳಿ. ಏರಿ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಯಬೇಕು.