ಗ್ಯಾಲಕ್ಸಿ ಸಿಮ್ಯುಲೇಷನ್: ಎಷ್ಟು ಒಳಗಿನವರೆಗೆ ನಂಬಬಹುದು?

ಪ್ರಶ್ನೆ: ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಗ್ಯಾಜೆಟ್-4 ಅನ್ನುವ ಸಿಮ್ಯುಲೇಷನ್ ಪ್ರೋಗ್ರಾಂನಲ್ಲಿ ಹಾಲುಹಾದಿಯಷ್ಟು ತೂಕದ ಡಾರ್ಕ್ ಮ್ಯಾಟರ್ ಹೇಲೋ (ಗ್ಯಾಲಕ್ಸಿಯನ್ನು ಸುತ್ತುವರಿದ, ಕಣ್ಣಿಗೆ ಕಾಣದ ವಸ್ತುವಿನ ದೊಡ್ಡ ಗುಂಪು) ಒಂದನ್ನು ಓಡಿಸಿದೆ. ಅದರಲ್ಲಿ ಸುಮಾರು 10 ಲಕ್ಷ ಕಣಗಳಿವೆ. ನಟ್ಟನಡುವೆ ಸಾಂದ್ರತೆ ಏರದೆ ಸಮತಟ್ಟಾಗಿದೆ. ಸುತ್ತ ತಿರುಗುವ ಸಣ್ಣ ಹೇಲೋಗಳೂ ಒಂದೊಂದಾಗಿ ಮಾಯವಾಗುತ್ತಿವೆ. ಇದು ನಿಜವಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಮೊದಲು ಒಂದು ಲೆಕ್ಕ ಹಾಕಿ. ಹಾಲುಹಾದಿ ಸುಮಾರು 1 ಲಕ್ಷ ಕೋಟಿ ಸೂರ್ಯರಷ್ಟು ತೂಕ. 10 ಲಕ್ಷ ಕಣಗಳಿಗೆ ಹಂಚಿದರೆ ನಿಮ್ಮ ಒಂದೊಂದು ಕಣವೂ 10 ಲಕ್ಷ ಸೂರ್ಯರ ಉಂಡೆ! ನಿಜವಾದ ಡಾರ್ಕ್ ಮ್ಯಾಟರ್ ನುಣ್ಣಗೆ ಹರಡಿರುತ್ತದೆ. ಇಷ್ಟು ದಪ್ಪ ಉಂಡೆಗಳು ಹತ್ತಿರ ಬಂದರೆ ಒಂದನ್ನೊಂದು ದಾರಿ ತಪ್ಪಿಸುತ್ತವೆ. ಹಾಗಾಗದಿರಲಿ ಅಂತಲೇ ತೀರಾ ಹತ್ತಿರದಲ್ಲಿ ಗುರುತ್ವವನ್ನು ಮೆತ್ತಗೆ ಮಾಡುತ್ತೇವೆ. ಅದೇ ಸಾಫ್ಟನಿಂಗ್. ಆ ದೂರದೊಳಗೆ ಏನೇ ಕಂಡರೂ ನಂಬಬೇಡಿ.

ನನಗೂ ಹೀಗೇ ಆಗಿತ್ತು. ನಡುವೆ ಸಮತಟ್ಟು ಕಂಡು ಹೊಸದೇನೋ ಸಿಕ್ಕಿತು ಅಂದುಕೊಂಡು ಮೂರು ತಿಂಗಳು ಅದರ ಹಿಂದೆಯೇ ಬಿದ್ದೆ. ಆಮೇಲೆ ಕಣಗಳನ್ನು 8 ಪಟ್ಟು ಮಾಡಿ, ಸಾಫ್ಟನಿಂಗ್ ಅರ್ಧಕ್ಕಿಳಿಸಿ ಓಡಿಸಿದೆ. ಸಮತಟ್ಟು ಜಾಗವೂ ಅಷ್ಟೇ ಕುಗ್ಗಿತು. ಅದು ಗ್ಯಾಲಕ್ಸಿಯದ್ದೇ ಆಗಿದ್ದರೆ ಇದ್ದಲ್ಲೇ ಇರಬೇಕಿತ್ತು, ಅಲ್ವಾ? ತುಂಬಾ ಬೇಜಾರಾಯಿತು. ಅವತ್ತಿನಿಂದ ಕಡಿಮೆ ಕಣ, ಹೆಚ್ಚು ಕಣ ಎಂದು ಎರಡು ರೆಸಲ್ಯೂಷನ್‌ನಲ್ಲಿ ನೋಡದೆ ಯಾವ ಗ್ರಾಫನ್ನೂ ಗೈಡ್ ಮುಂದೆ ಇಡುವುದಿಲ್ಲ. 2003ರ ಪವರ್ ಮತ್ತು ಸಂಗಡಿಗರ ಪ್ರಬಂಧ ಓದಿ. ಎಲ್ಲಿಯವರೆಗೆ ನಂಬಬಹುದು ಅನ್ನುವ ಲೆಕ್ಕ ಅದರಲ್ಲಿದೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಎರಡನೇ ಸಲ ಓಡಿಸುವಾಗ ರ್‍ಯಾಂಡಮ್ ಸೀಡ್ (ಆರಂಭದ ಏರಿಳಿತಗಳನ್ನು ನಿರ್ಧರಿಸುವ ಸಂಖ್ಯೆ) ಬದಲಿಸಬೇಡಿ. ಆರಂಭದ ಸಾಂದ್ರತೆಯ ದೊಡ್ಡ ಅಲೆಗಳು ಹಾಗೇ ಇರಲಿ, ಸಣ್ಣವು ಮಾತ್ರ ಹೊಸದಾಗಿ ಸೇರಲಿ. ಆಗ ಅದೇ ಹೇಲೋವನ್ನು ಎರಡರಲ್ಲೂ ಪಕ್ಕಪಕ್ಕ ಇಟ್ಟು ನೋಡಬಹುದು. ಮೆಮೊರಿ 8 ಪಟ್ಟು ಬೇಕು. ಟೈಮ್‌ಸ್ಟೆಪ್ (ಒಂದು ಲೆಕ್ಕದಿಂದ ಮುಂದಿನದಕ್ಕೆ ಇಡುವ ಕಾಲದ ಹೆಜ್ಜೆ) ಕೂಡ ಸಣ್ಣದಾಗುವುದರಿಂದ ಸಮಯ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಕಂಪ್ಯೂಟರ್ ಕ್ಲಸ್ಟರ್‌ನಲ್ಲಿ ಅಷ್ಟು ಸಮಯ ಈಗಲೇ ಕೇಳಿಟ್ಟುಕೊಳ್ಳಿ.

ಉತ್ತರ 3: ಸಣ್ಣ ಹೇಲೋಗಳ ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 10 ಕೋಟಿ ಸೂರ್ಯರ ತೂಕದ ಹೇಲೋ ಅಂದರೆ ನಿಮ್ಮಲ್ಲಿ ಬರೀ 100 ಕಣ. ದೊಡ್ಡ ಹೇಲೋದ ಎಳೆತಕ್ಕೆ ಅದು ಬೇಗ ಚದುರಿಹೋಗುತ್ತದೆ. ಹೀಗೆ ಮಾಯವಾಗುವುದರಲ್ಲಿ ಬಹುಪಾಲು ಲೆಕ್ಕದ ದೋಷವೇ ಇರಬಹುದು ಎಂದು 2018ರಲ್ಲಿ ವ್ಯಾನ್ ಡೆನ್ ಬಾಷ್ ಮತ್ತು ಓಗಿಯಾ ತೋರಿಸಿದರು. ಕಣ ಜಾಸ್ತಿ ಮಾಡಿದ ಮಾತ್ರಕ್ಕೆ ಸರಿಹೋಗುವುದಿಲ್ಲ, ಸಾಫ್ಟನಿಂಗ್ ಕೂಡ ಅದಕ್ಕೆ ಹೊಂದಬೇಕು. 2005ರ ಮಿಲೇನಿಯಂ ಸಿಮ್ಯುಲೇಷನ್‌ನಲ್ಲಿ 1,000 ಕೋಟಿ ಕಣಗಳಿದ್ದವು, ಆದರೂ 10 ಕೋಟಿ ಸೂರ್ಯರ ತೂಕದ ಒಂದು ಹೇಲೋ ಅದರ ಒಂದು ಕಣದಷ್ಟೂ ತೂಗುವುದಿಲ್ಲ.

ನಿಮ್ಮ ಸಾಫ್ಟನಿಂಗ್ ಎಷ್ಟು ಪಾರ್ಸೆಕ್ (ಒಂದು ಪಾರ್ಸೆಕ್ ಅಂದರೆ ಸುಮಾರು 3.26 ಜ್ಯೋತಿರ್ವರ್ಷ) ಇಟ್ಟಿದ್ದೀರಿ? ತಿಳಿಸಿ, ಕೂತು ನೋಡೋಣ.