ಕಲಾ ತಂಡಕ್ಕೆ ಸ್ಥಳೀಯ ಆಡಳಿತದ ಕಟ್ಟಡ: ಒಪ್ಪಂದದಲ್ಲಿ ಏನಿರಬೇಕು?

ಪ್ರಶ್ನೆ: ಖಾಲಿ ಬಿದ್ದಿರುವ ಸಮುದಾಯ ಭವನವನ್ನು ನಾಟಕ, ಸಂಗೀತ ತರಗತಿಗೆಂದು ಮೂರು ವರ್ಷ ಕೊಡಲು ಸ್ಥಳೀಯ ಆಡಳಿತ ಒಪ್ಪಿದೆ. ಜೊತೆಗೆ ಸ್ವಲ್ಪ ಅನುದಾನವೂ ಇದೆ. ಒಪ್ಪಂದದಲ್ಲಿ ಯಾವುದನ್ನು ಬಿಡಬಾರದು?

ಉತ್ತರ 1: ರಿಪೇರಿ ಯಾರದ್ದು ಅನ್ನೋದನ್ನು ಮೊದಲು ಬರೆಸಿ. ಚಾವಣಿ, ಗೋಡೆ, ಮುಖ್ಯ ವೈರಿಂಗ್ ಆಡಳಿತದ್ದು. ಸ್ವಚ್ಛತೆ, ಕರೆಂಟ್ ಬಿಲ್ ತಂಡದ್ದು. ‘ಪರಸ್ಪರ ಸಹಕಾರದಿಂದ ನಿರ್ವಹಣೆ’ ಅನ್ನೋ ಸಾಲಿದ್ದರೆ ತೆಗೆಸಿಬಿಡಿ, ಜಗಳ ಹುಟ್ಟುವುದೇ ಅಲ್ಲಿ. ಕೀಲಿ ಪಡೆಯುವ ದಿನ ಎರಡೂ ಕಡೆಯವರು ಪ್ರತಿ ಕೋಣೆ ನೋಡಿ ಒಡೆದ ಗಾಜು, ಸಡಿಲ ಸ್ವಿಚ್, ಗೋಡೆಯ ತೇವ ಎಲ್ಲವನ್ನೂ ಫೋಟೊ ಸಮೇತ ಪಟ್ಟಿ ಮಾಡಿ ಸಹಿ ಹಾಕಿ. ಇಲ್ಲದಿದ್ದರೆ ಹಳೆಯ ಹಾನಿಯೂ ನಿಮ್ಮ ತಲೆಗೆ ಬರುತ್ತದೆ.

ಉತ್ತರ 2: ಹಣ ಯಾವಾಗ ಬರುತ್ತದೆ ಅನ್ನೋದೂ ಅಷ್ಟೇ ಮುಖ್ಯ. ಕಾರ್ಯಕ್ರಮ ಮುಗಿಸಿ ರಸೀದಿ ಕೊಟ್ಟ ಮೇಲೆಯೇ ಅನುದಾನ ಅಂದರೆ ಸಣ್ಣ ತಂಡ ಸಾಲಕ್ಕೆ ಬೀಳುತ್ತದೆ. ಅರ್ಧ ಮುಂಗಡ, ಕಾಲು ಭಾಗ ನಡುವೆ, ಉಳಿದದ್ದು ಲೆಕ್ಕಪತ್ರ ಒಪ್ಪಿಸಿದ 30 ದಿನದೊಳಗೆ ಎಂದು ಕೇಳಿ. ಕಲಾವಿದರ ಸಂಭಾವನೆಯನ್ನು ‘ಇತರೆ’ಯೊಳಗೆ ಸೇರಿಸಬೇಡಿ ದಯವಿಟ್ಟು. ಕತ್ತರಿ ಮೊದಲು ಬೀಳುವುದು ಅಲ್ಲಿಗೇ.

ಉತ್ತರ 3: ಅಧಿಕಾರಿಯ ಪತ್ರವನ್ನಷ್ಟೇ ನಂಬಬೇಡಿ, ಅವರಿಗೆ ವರ್ಗವಾದರೆ ಕಥೆ ಮುಗಿಯಿತು. ಚುನಾಯಿತ ಸಭೆಯ ನಿರ್ಣಯ ಬೇಕು. ಹೊಸ ಸಾರ್ವಜನಿಕ ಕಟ್ಟಡ ಕಟ್ಟುವಾಗ ಅದರ ವೆಚ್ಚದ ಶೇ. 1 ಕಲೆಗೆ ಮೀಸಲು ಎಂಬ ನಿಯಮವನ್ನೂ ಕೆಲವರು ಸೂಚಿಸುತ್ತಾರೆ. ಅಮೆರಿಕದ ಫಿಲಡೆಲ್ಫಿಯಾ 1959ರಲ್ಲೇ ಅಂಥದ್ದನ್ನು ತಂದಿತ್ತು. ಆದರೆ ಅಂಥ ಹಣ ಹೆಚ್ಚಾಗಿ ಶಿಲ್ಪ, ಭಿತ್ತಿಚಿತ್ರಕ್ಕೆ ಹೋಗುತ್ತದೆ. ತರಗತಿ ನಡೆಯಲು ವಾರ್ಷಿಕ ಬಜೆಟ್ಟಿನಲ್ಲೇ ಜಾಗ ಬೇಕು.

ಪ್ರಶ್ನೆ ಕೇಳಿದವರು: ನಿರ್ಣಯದ ವಿಷಯ ಹೊಳೆದೇ ಇರಲಿಲ್ಲ. ಮುಂದಿನ ಸಭೆಗೆ ಮೊದಲೇ ಅರ್ಜಿ ಕೊಡುತ್ತೇವೆ.